ಮುಂದಿನವರ ಬೆನ್ನು, ಹಿಂದಿನವರ ಮೊಳಕಾಲು

ಒರಗಿ ಕುಳಿತುಕೊಳ್ಳುವುದು ಮನುಷ್ಯನ ಬಹು ಹಳೆಯ ಸುಖಗಳಲ್ಲಿ ಒಂದು. ನಮ್ಮ ಹಿಂದಿನವರು ಮನೆ ಕಟ್ಟುವಾಗ ಈ ಸುಖಕ್ಕೆ ಎಷ್ಟೆಲ್ಲ ಅನುಕೂಲ ಮಾಡಿಟ್ಟಿದ್ದರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಬೀದಿಯ ಕಡೆಗೆ ಜಗಲಿ, ಜಗಲಿಗೆ ಕಂಬ. ಬಂದವರು ಕಂಬಕ್ಕೆ ಒರಗಿ, ಎಲೆಯಡಿಕೆ ಹಾಕಿಕೊಂಡು, ನಿಧಾನವಾಗಿ ಮಾತಿಗೆ ತೊಡಗಬಹುದು. ನಡುಮನೆಯಲ್ಲಿ ಚಾಪೆ, ಚಾಪೆಯ ಹಿಂದೆ ಗೋಡೆ. ತಲೆಯ ಎಣ್ಣೆ ಹತ್ತಿ ಗೋಡೆಯ ಮೇಲೆ ಮೂಡಿದ ದುಂಡನೆಯ ಕಲೆಗಳನ್ನು ನೋಡಿಯೇ ಇದು ಅಜ್ಜನ ಸ್ಥಳ, ಇದು ಅಜ್ಜಿಯ ಸ್ಥಳ ಎಂದು ನಾವು ಮಕ್ಕಳು ಹೇಳುತ್ತಿದ್ದೆವು. ಸ್ವಲ್ಪ ಅನುಕೂಲವಂತರ ಮನೆಯಲ್ಲಿ ಒರಗುದಿಂಬು, ಇನ್ನೂ ಅನುಕೂಲವಿದ್ದರೆ ಬಟ್ಟೆಯ ಆರಾಮಕುರ್ಚಿ. ಈ ಎಲ್ಲ ಒರಗುವಿಕೆಯಲ್ಲಿಯೂ ಒಂದು ನಿಶ್ಚಿಂತೆಯಿತ್ತು. ಕಂಬಕ್ಕೆ ನೋವಾಗುವುದಿಲ್ಲ, ಗೋಡೆಗೆ ಮೊಳಕಾಲಿಲ್ಲ.

ಗೋಡೆಗೆ ಮೊಳಕಾಲು ಬಂದದ್ದು ವಿಮಾನದಲ್ಲಿ. ಅಲ್ಲಿ ಕೈ ಊರಿಕೊಳ್ಳುವ ಜಾಗದಲ್ಲಿ ಒಂದು ಸಣ್ಣ ಗುಂಡಿಯಿರುತ್ತದೆ. ಅದನ್ನು ಒತ್ತಿ ಮೈಯನ್ನು ಹಿಂದಕ್ಕೆ ಬಿಟ್ಟರೆ ಸೀಟಿನ ಬೆನ್ನು ಎರಡೋ ಮೂರೋ, ಹೆಚ್ಚೆಂದರೆ ನಾಲ್ಕೋ ಇಂಚು ಹಿಂದಕ್ಕೆ ವಾಲುತ್ತದೆ. ನಾಲ್ಕು ಇಂಚು ಎಂದರೆ ಒಂದು ಅಂಗೈಯಗಲ. ಇಷ್ಟು ಜಾಗಕ್ಕಾಗಿ ಪ್ರಪಂಚದಲ್ಲಿ ಆಗಿರುವ ಜಗಳಗಳನ್ನು ಕೇಳಿದರೆ, ಸೂಜಿಯ ಮೊನೆಯಷ್ಟು ನೆಲಕ್ಕಾಗಿ ಕುರುಕ್ಷೇತ್ರವಾಯಿತೆಂಬುದು ಅತಿಶಯೋಕ್ತಿಯಾಗಿ ತೋರುವುದಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಬೆನ್ನನ್ನು ಎಷ್ಟು ಚಾಚಬೇಕೆಂಬ ಪ್ರಶ್ನೆ ಅವರ ಕಾಲಕ್ಕೆ ಹುಟ್ಟಿರಲಿಲ್ಲ. ಅದನ್ನು ನಾವೇ ಬಗೆಹರಿಸಿಕೊಳ್ಳಬೇಕಾಗಿದೆ.

ಮೊದಲು ಈ ಇಕ್ಕಟ್ಟು ಹೇಗೆ ಬಂತೆಂಬುದನ್ನು ನೋಡೋಣ. ಒಂದು ಸೀಟಿನ ಒಂದು ಗುರುತಿನಿಂದ ಅದರ ಹಿಂದಿನ ಸೀಟಿನ ಅದೇ ಗುರುತಿಗೆ ಇರುವ ದೂರವನ್ನು ವಿಮಾನದವರು ‘ಪಿಚ್’ ಎನ್ನುತ್ತಾರೆ. ಸೀಟಿನ ದಪ್ಪ, ನಮ್ಮ ತೊಡೆ, ಮೊಳಕಾಲು, ಅದರ ಮುಂದಿನ ಖಾಲಿ ಜಾಗ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು. ಒಂದು ಕಾಲಕ್ಕೆ ಸಾಧಾರಣ ದರ್ಜೆಯಲ್ಲಿಯೂ ಇದು ೩೪-೩೫ ಇಂಚು ಇರುತ್ತಿತ್ತು. ಈಗ ೩೦ರ ಆಸುಪಾಸಿಗೆ ಇಳಿದಿದೆ. ಕೆಲವು ವಿಮಾನಗಳಲ್ಲಿ ೨೮ಕ್ಕೂ ಬಂದಿದೆ. ಇದರ ಮರ್ಮ ನಮ್ಮ ಮನೆಯ ಹೆಂಗಸರಿಗೆ ಚೆನ್ನಾಗಿ ಅರ್ಥವಾಗುವಂಥದು. ಹಾಲಿಗೆ ಒಂದೊಂದು ಲೋಟದಲ್ಲಿ ಒಂದೊಂದು ಚಮಚ ಉಳಿಸಿದರೆ ಕೊನೆಗೆ ಇನ್ನೊಂದು ಲೋಟ ಕಾಫಿ ಹೊರಡುತ್ತದಲ್ಲವೆ? ಹಾಗೆಯೇ ಮೂವತ್ತು ಸಾಲಿರುವ ವಿಮಾನದಲ್ಲಿ ಸಾಲಿಗೆ ಒಂದಿಂಚು ಕದ್ದರೆ ಮೂವತ್ತು ಇಂಚು ಉಳಿಯಿತು. ಮೂವತ್ತು ಇಂಚೆಂದರೆ ಮತ್ತೊಂದು ಸಾಲು. ಸಾಲಿಗೆ ಆರು ಜನದಂತೆ ಆರು ಟಿಕೇಟು. ಆ ಆರು ಟಿಕೇಟಿನ ಹಣ ಪ್ರತಿ ಹಾರಾಟದಲ್ಲಿಯೂ ಕಂಪನಿಗೆ ಸೇರುತ್ತದೆ. ಸೀಟಿನ ಮೆತ್ತೆಯನ್ನು ತೆಳುವಾಗಿಸಿ ಕಾಲಿಗೆ ಸ್ವಲ್ಪ ಜಾಗ ಹಿಂದಕ್ಕೆ ಕೊಟ್ಟದ್ದೂ ಉಂಟು. ಆದರೆ ಗುಂಡಿಯನ್ನು ಮಾತ್ರ ಬಹಳ ವಿಮಾನಗಳಲ್ಲಿ ಹಾಗೆಯೇ ಉಳಿಸಿದ್ದಾರೆ. ಹೀಗಾಗಿ ಆ ನಾಲ್ಕು ಇಂಚನ್ನು ಮುಂದಿನವರಿಗೆ ಒರಗುವುದಕ್ಕೆಂದೂ ಹಿಂದಿನವರಿಗೆ ಮೊಳಕಾಲಿಗೆಂದೂ ಎರಡು ಸಲ ಮಾರಿದಂತಾಗಿದೆ. ಮಾರಿದವರು ಅಲ್ಲಿರುವುದಿಲ್ಲ, ಕೊಂಡವರಿಬ್ಬರು ಹೊಡೆದಾಡುತ್ತಾರೆ.

ಹಾಗೆಂದು ಕಂಪನಿಗಳನ್ನು ಬಯ್ದು ಕೈತೊಳೆದುಕೊಳ್ಳುವುದಕ್ಕೂ ನನಗೆ ಮನಸ್ಸು ಬರುವುದಿಲ್ಲ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದಾಗ ವಿಮಾನವೆಂಬುದು ತಲೆಯೆತ್ತಿ ನೋಡುವ ವಸ್ತುವಾಗಿತ್ತೇ ಹೊರತು ಹತ್ತುವ ವಸ್ತುವಾಗಿರಲಿಲ್ಲ. ಊರಿಗೆ ಹೋಗುವುದೆಂದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಜೊತೆಗೆ ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಿ. ಅಂಥ ನಮ್ಮನ್ನು ಆಕಾಶಕ್ಕೆ ಏರಿಸಿದವರಲ್ಲಿ ಮೊದಲಿಗರು ನಮ್ಮವರೇ ಒಬ್ಬರು, ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ೨೦೦೩ರ ಆಗಸ್ಟಿನಲ್ಲಿ ಅವರ ಏರ್ ಡೆಕ್ಕನ್ ಹುಬ್ಬಳ್ಳಿ-ಬೆಂಗಳೂರುಗಳ ನಡುವೆ ಹಾರಾಟ ಪ್ರಾರಂಭಿಸಿತು. ಅದರ ಗುರುತಿಗೆ ಆರಿಸಿಕೊಂಡದ್ದು ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನನ್ನು, ಅದೇ ಚೌಕಳಿಯ ಕೋಟು, ಪಂಚೆ, ಕನ್ನಡಕದ ಮುದುಕ. ಆ ಸಂಸ್ಥೆ ೨೦೦೮ರಲ್ಲಿ ಇನ್ನೊಂದರಲ್ಲಿ ವಿಲೀನವಾಗಿ ಹೋಯಿತು. ಆದರೆ ಅದು ತೆರೆದ ಬಾಗಿಲಿನಿಂದ ಒಳಗೆ ಬಂದ ಶ್ರೀಸಾಮಾನ್ಯ ಮತ್ತೆ ಹೊರಗೆ ಹೋಗಲಿಲ್ಲ. ಅವನ ಹೆಂಡತಿ, ಮಕ್ಕಳು, ಮಂಡಿನೋವಿನ ಅತ್ತೆ, ಹಪ್ಪಳದ ಡಬ್ಬಿ ಎಲ್ಲವೂ ಬಂದವು. ಅಗ್ಗವಾಯಿತು, ಆದ್ದರಿಂದ ಇಕ್ಕಟ್ಟಾಯಿತು. ಇಕ್ಕಟ್ಟಾಯಿತು, ಆದ್ದರಿಂದಲೇ ಅಗ್ಗವಾಯಿತು. ಒಂದನ್ನು ಬಿಟ್ಟು ಒಂದನ್ನು ಬೇಡುವುದು ನ್ಯಾಯವಲ್ಲ.

ಈ ನಾಲ್ಕು ಇಂಚಿನ ವ್ಯಾಜ್ಯದ ವಾದಿ ಪ್ರತಿವಾದಿಗಳಿಬ್ಬರೂ ನಮ್ಮ ಮನೆಯಲ್ಲಿಯೇ ಇದ್ದಾರೆ. ನಮ್ಮ ಯಜಮಾನರಿಗೆ ಇಪ್ಪತ್ತು ವರ್ಷಗಳಿಂದ ಸೊಂಟನೋವು. ಮೂವತ್ತು ವರ್ಷ ಲೋಕಲ್ ಗಾಡಿಯಲ್ಲಿ ನಿಂತು ಓಡಾಡಿದ್ದಕ್ಕೆ ಸಿಕ್ಕ ಪಿಂಚಣಿ ಅದು ಎಂದು ಅವರೇ ಹೇಳಿಕೊಳ್ಳುತ್ತಾರೆ. ಹಲಗೆಯಂತೆ ನೆಟ್ಟಗೆ ಅರ್ಧ ಗಂಟೆ ಕುಳಿತರೆ ಏಳುವುದಕ್ಕೆ ಇನ್ನೊಬ್ಬರ ಕೈ ಬೇಕು. ಸ್ವಲ್ಪ ಹಿಂದಕ್ಕೆ ವಾಲಿದರೆ ಮೈಯ ಭಾರ ಬೆನ್ನುಮೂಳೆಯಿಂದ ಸೀಟಿಗೆ ಹಂಚಿಹೋಗಿ ಅವರಿಗೆ ಹಿತವಾಗುತ್ತದೆ. ಮಗನಾದರೋ ಆರಡಿ ಎರಡಂಗುಲ. ಅವನ ಮೊಳಕಾಲು ಮುಂದಿನ ಸೀಟಿಗೆ ತಾಗಿಯೇ ಇರುತ್ತದೆ. ಮುಂದಿನವರು ಗುಂಡಿ ಒತ್ತುವುದಕ್ಕೆ ಮೊದಲೇ ಅವನ ಸಂಕಟ ಶುರುವಾಗಿರುತ್ತದೆ. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಇವರಿಬ್ಬರಿಗೂ ವಾದ ಹತ್ತಿತು.

“ಗುಂಡಿ ಇಟ್ಟಿರುವುದು ಒತ್ತುವುದಕ್ಕೆ. ದುಡ್ಡು ಕೊಟ್ಟು ಕೊಂಡ ಸೀಟಿನಲ್ಲಿ ಒರಗಲು ಯಾರ ಅಪ್ಪಣೆ ಬೇಕಪ್ಪ?” ಎಂದು ಯಜಮಾನರು.

“ನಿಮ್ಮ ಸೀಟು ನಿಮ್ಮದು ಸರಿ ಅಣ್ಣ. ನನ್ನ ಸೀಟಿನ ಮುಂದಿನ ಗಾಳಿ ಯಾರದು? ಅದಕ್ಕೆ ನಾನು ದುಡ್ಡು ಕೊಟ್ಟಿಲ್ಲವೆ?” ಎಂದು ಮಗ. ನಮ್ಮ ಮನೆಯಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎಂದೇ ಕರೆಯುವುದು ರೂಢಿ.

ವಾದ ಸಾರಿನಿಂದ ಹಿಡಿದು ಮಜ್ಜಿಗೆಯವರೆಗೂ ನಡೆಯಿತು. ಕೊನೆಗೆ ಬಡಿಸುತ್ತಿದ್ದ ಸೊಸೆ ಒಂದು ಮಾತು ಕೇಳಿದಳು: “ಅಲ್ಲ ಮಾವ, ಒಂದೇ ವಿಮಾನದಲ್ಲಿ ನೀವು ಮುಂದೆ, ಇವರು ನಿಮ್ಮ ಬೆನ್ನ ಹಿಂದೆ ಕೂತಿದ್ದರೆ ಏನು ಮಾಡುತ್ತೀರಿ?” ಇಬ್ಬರೂ ಒಂದು ಕ್ಷಣ ಸುಮ್ಮನಾದರು. “ಅವನ ಕಾಲಿಗೆ ನೋವಾಗುವ ಹಾಗೆ ನಾನು ಯಾಕೆ ಒರಗಲಿ?” ಎಂದರು ಇವರು. “ಅಣ್ಣನ ಬೆನ್ನು ನನಗೆ ಗೊತ್ತಿಲ್ಲವೆ? ಅವರು ಒರಗಲಿ, ನಾನು ಕಾಲು ಪಕ್ಕಕ್ಕೆ ಹಾಕಿಕೊಳ್ಳುತ್ತೇನೆ” ಎಂದ ಅವನು. ಅಷ್ಟು ಹೊತ್ತು ಹಕ್ಕಿನ ಮಾತನಾಡುತ್ತಿದ್ದವರು ಒಬ್ಬರಿಗಿಂತ ಒಬ್ಬರು ಮುಂದೆ ಬಿದ್ದು ಹಕ್ಕನ್ನು ಬಿಟ್ಟುಕೊಡತೊಡಗಿದರು. ಹಿಂದೆ ಕುಳಿತವರು ಯಾರೆಂಬುದು ಗೊತ್ತಾದ ಕೂಡಲೇ ವ್ಯಾಜ್ಯ ಹೇಗೆ ಕರಗಿತೆಂಬುದು ಆ ದಿನದಿಂದ ನನ್ನ ತಲೆಯಲ್ಲಿ ಸುಳಿದಾಡುತ್ತಿದೆ.

ಗೊತ್ತಿಲ್ಲದವರ ನಡುವೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಸಂಗತಿಗಳನ್ನು ಕೇಳಬೇಕು. ಮುಂದಿನ ಸೀಟು ಹಿಂದಕ್ಕೆ ಬಾರದಂತೆ ತಡೆಯುವ ‘ನೀ ಡಿಫೆಂಡರ್’ ಎಂಬ ಪ್ಲಾಸ್ಟಿಕ್ಕಿನ ಒಂದು ಜೊತೆ ತುಂಡುಗಳನ್ನು ಅಲ್ಲಿಯವರೊಬ್ಬರು ಕಂಡುಹಿಡಿದು ೨೦೦೩ರಿಂದ ಮಾರತೊಡಗಿದರು. ೨೦೧೪ರ ಆಗಸ್ಟ್ ೨೪ರಂದು ನೂವಾರ್ಕಿನಿಂದ ಡೆನ್ವರಿಗೆ ಹೋಗುತ್ತಿದ್ದ ವಿಮಾನದಲ್ಲಿ ಒಬ್ಬ ಗೃಹಸ್ಥ ಇದನ್ನು ಸಿಕ್ಕಿಸಿದ. ಮುಂದಿನ ಸೀಟಿನ ಹೆಂಗಸಿಗೆ ಒರಗಲಾಗಲಿಲ್ಲ. ತೆಗೆಯೆಂದರೆ ತೆಗೆಯಲಿಲ್ಲ. ಆಕೆ ಕೈಯಲ್ಲಿದ್ದ ಪಾನೀಯವನ್ನು ಅವನ ಮೇಲೆರಚಿದಳು. ವಿಮಾನವನ್ನು ಷಿಕಾಗೋದಲ್ಲಿ ಇಳಿಸಿ ಇಬ್ಬರನ್ನೂ ಕೆಳಗಿಳಿಸಿ ಮುಂದೆ ಹೋದರು. ವಿನೋದವೆಂದರೆ ಅವರಿಬ್ಬರೂ ಕಾಲಿಗೆ ಹೆಚ್ಚು ಜಾಗವಿರುವ ಸೀಟುಗಳಲ್ಲಿ ಕುಳಿತಿದ್ದವರು. ಅದಾದ ಮೂರು ದಿನಕ್ಕೆ ಮಯಾಮಿಯಿಂದ ಪ್ಯಾರಿಸ್ಸಿಗೆ ಹೊರಟಿದ್ದ ವಿಮಾನ ಇದೇ ಜಗಳದಿಂದ ಬಾಸ್ಟನ್ನಿನಲ್ಲಿ ಇಳಿಯಿತು. ಸೆಪ್ಟೆಂಬರ್ ೧ರಂದು ಮತ್ತೊಂದು ಜಾಕ್ಸನ್‌ವಿಲ್‌ನಲ್ಲಿ ಇಳಿಯಿತು. ಒಂಬತ್ತು ದಿನಗಳಲ್ಲಿ ಮೂರು ವಿಮಾನಗಳು ದಾರಿ ಬಿಟ್ಟವು. ೨೦೨೦ರಲ್ಲಿ ಹಿಂದಿನ ಸೀಟಿನವನೊಬ್ಬ ಒರಗಿದವಳ ಸೀಟಿನ ಬೆನ್ನನ್ನು ಮತ್ತೆ ಮತ್ತೆ ಗುದ್ದುತ್ತಿದ್ದ ಚಿತ್ರವನ್ನು ಲೋಕವೆಲ್ಲ ನೋಡಿತು. ಆಗ ಡೆಲ್ಟಾ ವಿಮಾನಸಂಸ್ಥೆಯ ಮುಖ್ಯಸ್ಥ ಎಡ್ ಬಾಸ್ಟಿಯನ್ ಅವರನ್ನು ಕೇಳಲಾಗಿ, ಒರಗುವ ಹಕ್ಕು ಪ್ರಯಾಣಿಕರಿಗೆ ಉಂಟು, ಆದರೆ ಹಿಂದಿನವರನ್ನು ಮೊದಲು ಕೇಳುವುದು ಉಚಿತ, ತಾವಂತೂ ಒರಗುವುದೇ ಇಲ್ಲ ಎಂಬರ್ಥದ ಮಾತು ಹೇಳಿದರು. ಅದಕ್ಕೆ ಹಿಂದಿನ ವರ್ಷವೇ ಅವರ ಸಂಸ್ಥೆ ಕೆಲವು ವಿಮಾನಗಳಲ್ಲಿ ಸಾಧಾರಣ ದರ್ಜೆಯ ಸೀಟು ವಾಲುವುದನ್ನು ನಾಲ್ಕು ಇಂಚಿನಿಂದ ಎರಡಕ್ಕೆ ಇಳಿಸಿತ್ತು.

ಪಂಡಿತರೂ ಈ ವಿಷಯವನ್ನು ಬಿಟ್ಟಿಲ್ಲ. ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞರು, ೧೯೯೧ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು, ೧೯೬೦ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಅದರಲ್ಲಿ ಅವರು ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆಯನ್ನು ಎತ್ತಿಕೊಳ್ಳುತ್ತಾರೆ. ಒಬ್ಬ ಮಿಠಾಯಿ ಮಾಡುವವನು, ಪಕ್ಕದ ಮನೆಯಲ್ಲಿ ಒಬ್ಬ ವೈದ್ಯ. ಮಿಠಾಯಿಯವನ ಯಂತ್ರದ ಸದ್ದಿನಿಂದ ವೈದ್ಯನಿಗೆ ರೋಗಿಗಳ ಎದೆ ಬಡಿತ ಕೇಳಿಸದು. ಯಾರಿಂದ ಯಾರಿಗೆ ತೊಂದರೆ? ಮಿಠಾಯಿಯವನಿಂದ ವೈದ್ಯನಿಗೆ ಎನ್ನುತ್ತೇವೆ. ಆದರೆ ಯಂತ್ರ ನಿಲ್ಲಿಸಿದರೆ ವೈದ್ಯನಿಂದ ಮಿಠಾಯಿಯವನಿಗೆ ತೊಂದರೆಯಾಗುವುದಿಲ್ಲವೆ? ತೊಂದರೆಯೆಂಬುದು ಯಾವಾಗಲೂ ಎರಡು ಕಡೆಯದು ಎಂಬುದು ಅವರ ಮಾತಿನ ತಿರುಳು. ಬೆನ್ನು ಮತ್ತು ಮೊಳಕಾಲಿನ ಕಥೆಯೂ ಇದೇ. ೨೦೧೪ರಲ್ಲಿ ಅಮೆರಿಕದ ಇಬ್ಬರು ಕಾನೂನು ಪ್ರಾಧ್ಯಾಪಕರು ಜನರನ್ನು ಕೇಳಿ ನೋಡಿದರು. ಒರಗುವ ಹಕ್ಕು ನಿಮ್ಮದು, ಬಿಡಲು ಎಷ್ಟು ಬೇಕು ಎಂದರೆ ಮುಂದಿನವರು ಸರಾಸರಿ ೪೧ ಡಾಲರು ಕೇಳಿದರು. ಹಿಂದಿನವರು ಕೊಡಲೊಪ್ಪಿದ್ದು ೧೮. ಪ್ರಶ್ನೆಯನ್ನು ತಿರುಗಿಸಿ, ಜಾಗದ ಹಕ್ಕು ಹಿಂದಿನವರದು ಎಂದಾಗ ಹಿಂದಿನವರು ೩೯ ಡಾಲರು ಕೇಳಿದರು; ಮುಂದಿನವರು ಕೊಡಲೊಪ್ಪಿದ್ದು ೧೨. ನೋಡಿ, ಇಂಚುಗಳು ಅವೇ, ಬೆನ್ನು ಅದೇ, ಮೊಳಕಾಲು ಅದೇ. ‘ನನ್ನದು’ ಎಂಬ ಮಾತು ಯಾರ ಬಾಯಿಗೆ ಬಂತೋ ಅವರಿಗೆ ಅದು ಎರಡು ಮೂರು ಪಾಲು ಬೆಲೆಯುಳ್ಳದ್ದಾಗಿ ತೋರಿತು.

ರೈಲಿನವರು ಇಂಥದನ್ನು ಕಾನೂನಿನಿಂದ ಬಗೆಹರಿಸಿದ್ದಾರೆ. ಮಿಡಲ್ ಬರ್ತಿನವರು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹಲಗೆ ಎತ್ತಿಕೊಂಡು ಮಲಗಬಹುದು. ಉಳಿದ ಹೊತ್ತು ಅದನ್ನು ಇಳಿಸಿ ಕೆಳಗಿನವರಿಗೆ ಕುಳಿತುಕೊಳ್ಳಲು ಎಡೆ ಕೊಡಬೇಕು. ಮೊದಲು ರಾತ್ರಿ ಒಂಬತ್ತರಿಂದ ಎಂದಿದ್ದುದನ್ನು ೨೦೧೭ರಲ್ಲಿ ಹತ್ತಕ್ಕೆ ಬದಲಾಯಿಸಿದರು. ಕಾಯಿಲೆಯವರು, ಅಂಗವಿಕಲರು, ಗರ್ಭಿಣಿಯರು ಹೆಚ್ಚು ಹೊತ್ತು ಮಲಗಬಯಸಿದರೆ ಉಳಿದವರು ಸಹಕರಿಸಬೇಕೆಂದು ಅದರಲ್ಲಿಯೇ ಬರೆದಿದ್ದಾರೆ. ಕಾನೂನಿನ ಪುಸ್ತಕದಲ್ಲಿಯೂ ಒಂದು ಮೂಲೆಯಲ್ಲಿ ದಯೆಗೆ ಜಾಗವಿಟ್ಟ ಆ ಗುಮಾಸ್ತರು ಯಾರೋ, ಅವರಿಗೆ ನಮಸ್ಕಾರ.

ಮುಂಬಯಿಯ ಲೋಕಲ್ ಗಾಡಿಯಲ್ಲಿ ಕಾನೂನೂ ಇಲ್ಲ, ಅಲ್ಲಿರುವುದು ಸಂಪ್ರದಾಯ. ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವರಿಗೆ ಜಾಗವುಂಟೆಂಬುದು ಎಲ್ಲಿಯೂ ಬರೆದಿಲ್ಲ. ಆದರೆ “ಜರಾ ಸರಕಾ” ಎಂಬ ಎರಡು ಮಾತಿಗೆ ಮೂವರೂ ಅಲುಗಿ, ಒಬ್ಬೊಬ್ಬರು ಎರಡೆರಡು ಇಂಚು ಬಿಟ್ಟು, ನಾಲ್ಕನೆಯ ಜೀವಕ್ಕೆ ಅರ್ಧ ಆಸನ ಮಾಡಿಕೊಡುತ್ತಾರೆ. ಇಂಚಿನ ಬೆಲೆ ಪ್ರಪಂಚದಲ್ಲಿ ಮುಂಬಯಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆ ಮುಂಬಯಿಯವರೇ ಕೇಳಿದ ಕೂಡಲೆ ಇಂಚು ಬಿಡುತ್ತಾರೆ. ಇದರಲ್ಲಿ ಮುಖ್ಯವಾದದ್ದು ‘ಕೇಳಿದ ಕೂಡಲೆ’ ಎಂಬುದು. ಕೇಳದೆ ನುಗ್ಗಿದವನಿಗೆ ಸಿಗುವ ಮರ್ಯಾದೆಯನ್ನೂ ಅದೇ ಗಾಡಿಯಲ್ಲಿ ನೋಡಬಹುದು.

ವಿಮಾನದಲ್ಲಿ ರೈಲಿನ ಕಾನೂನೂ ಇಲ್ಲ, ಲೋಕಲ್ ಗಾಡಿಯ ಸಂಪ್ರದಾಯವೂ ಇನ್ನೂ ಹುಟ್ಟಿಲ್ಲ. ಒಂದು ವಿಷಯದಲ್ಲಿ ಮಾತ್ರ ನಿಯಮ ಖಚಿತ: ಏರುವಾಗಲೂ ಇಳಿಯುವಾಗಲೂ ಸೀಟು ನೆಟ್ಟಗಿರಬೇಕು. ಅದಕ್ಕೆ ಕಾರಣ ಶಿಷ್ಟಾಚಾರವಲ್ಲ, ಪ್ರಾಣ. ಅಪಾಯವೆಲ್ಲ ಹೆಚ್ಚಾಗಿ ಏರುವ ಇಳಿಯುವ ಹೊತ್ತಿನಲ್ಲಿಯೇ. ಬಾಗಿಲುಗಳಲ್ಲಿ ಅರ್ಧವನ್ನು ಮಾತ್ರ ಬಳಸಿ ೯೦ ಸೆಕೆಂಡುಗಳಲ್ಲಿ ಎಲ್ಲರೂ ಹೊರಗೆ ಬರಬಹುದೆಂದು ತೋರಿಸಿದ ಮೇಲೆಯೇ ದೊಡ್ಡ ವಿಮಾನದ ಮಾದರಿಗೆ ಒಪ್ಪಿಗೆ ಸಿಗುವುದು. ವಾಲಿದ ಒಂದು ಸೀಟು ಅದರ ಹಿಂದಿನ ಮೂವರ ದಾರಿಗೆ ಅಡ್ಡ. ಗಗನಸಖಿ ಬಂದು ನೆಟ್ಟಗೆ ಮಾಡಿ ಎಂದಾಗ ಮುಖ ಸಿಂಡರಿಸುವವರು ಇದನ್ನು ನೆನೆಯಬೇಕು. ಇನ್ನುಳಿದ ಹೊತ್ತಿನ ಮಾತಿಗೆ ಬಂದರೆ ಕಂಪನಿಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಸುಮ್ಮನಿವೆ.

ಇಷ್ಟೆಲ್ಲ ಬರೆಯಲು ನನ್ನನ್ನು ಪ್ರೇರಿಸಿದ ಕಾರಣ ಬೇರೆಯೇ ಉಂಟು. ೨೦೧೨ರ ಜನವರಿಯಲ್ಲಿ ತುಮಕೂರಿನಲ್ಲಿ ನಮ್ಮ ತಂದೆ ತೀರಿಕೊಂಡರು. ರಾತ್ರಿ ಹನ್ನೊಂದಕ್ಕೆ ಅಣ್ಣನ ಫೋನು ಬಂತು. ಪರಸ್ಥಳದಲ್ಲಿ ಸಂಸಾರ ಮಾಡಿದವರೆಲ್ಲರೂ ಆ ಹೊತ್ತಿನ ಫೋನನ್ನು ಒಂದಲ್ಲ ಒಂದು ದಿನ ಎತ್ತಿಕೊಂಡವರೇ, ವಿವರಿಸಬೇಕಾಗಿಲ್ಲ. ಬೆಳಗಿನ ಮೊದಲ ವಿಮಾನದಲ್ಲಿ ಒಂದೇ ಒಂದು ಸೀಟು ಸಿಕ್ಕಿತು, ನಾನೊಬ್ಬಳೇ ಹೊರಟೆ. ಬಾಗಿಲು ಹಾಕುವುದಕ್ಕೆ ಮೊದಲು ಅಣ್ಣನಿಗೆ ಫೋನು ಮಾಡಿ, “ಹತ್ತು ಗಂಟೆಯೊಳಗೆ ಬರ್ತೀನಿ, ಅಲ್ಲೀವರೆಗೂ ತೆಗೀಬೇಡಿ, ಮುಖ ನೋಡಬೇಕು” ಎಂದೆ. ಮುಂದಿನ ಸೀಟಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಕುಳಿತಿದ್ದರು. ಅವರ ಬಿಳಿಯ ತಲೆಯ ಹಿಂಭಾಗ ಮಾತ್ರ ನನಗೆ ಕಾಣಿಸುತ್ತಿತ್ತು. ವಿಮಾನ ಏರಿ ನೆಟ್ಟಗಾದ ಮೇಲೆ ಸುತ್ತಮುತ್ತಲಿನ ಸೀಟುಗಳೆಲ್ಲ ಒಂದೊಂದಾಗಿ ವಾಲಿದವು. ಬೆಳಗಿನ ಜಾವದ ನಿದ್ದೆಗೆಟ್ಟ ಜನ, ಸಹಜವೇ. ಅವರ ಸೀಟು ಮಾತ್ರ ವಾಲಲಿಲ್ಲ. ನಾನು ಮುಂದಿನ ಹಲಗೆ ಬಿಚ್ಚಿ ಅದರ ಮೇಲೆ ತಲೆಯಿಟ್ಟುಕೊಂಡು ಅಳುತ್ತಿದ್ದೆ. ನಡುನಡುವೆ ತಲೆಯೆತ್ತಿದಾಗ ಅವರು ತಮ್ಮ ಕತ್ತಿನ ಹಿಂಭಾಗವನ್ನು ಕೈಯಿಂದ ತಿಕ್ಕಿಕೊಳ್ಳುತ್ತಿದ್ದುದು, ಒಮ್ಮೆ ಈ ಪಕ್ಕಕ್ಕೆ ಒಮ್ಮೆ ಆ ಪಕ್ಕಕ್ಕೆ ಭುಜ ಹೊರಳಿಸುತ್ತಿದ್ದುದು ಕಾಣಿಸುತ್ತಿತ್ತು. ಅವರಿಗೂ ಬೆನ್ನು ನೋಯುತ್ತಿತ್ತು. ಸುಮಾರು ಒಂದೂಮುಕ್ಕಾಲು ಗಂಟೆ ಅವರು ಹಾಗೆಯೇ ಕುಳಿತಿದ್ದರು.

ವಿಮಾನ ಇಳಿದು ನಿಂತಾಗ ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಅವರು ಎದ್ದು ನನ್ನ ಚೀಲವನ್ನು ಮೇಲಿನಿಂದ ತೆಗೆದು ಕೈಗೆ ಕೊಟ್ಟರು. “ನೀವು ಮುಂದೆ ಹೋಗಿಮ್ಮ” ಎಂದು ಕನ್ನಡದಲ್ಲಿ ಹೇಳಿ, ಹಿಂದಿನವರಿಗೆ ಕೈ ಅಡ್ಡ ಹಿಡಿದು ನನಗೆ ದಾರಿ ಮಾಡಿದರು. ಫೋನಿನಲ್ಲಿ ನಾನಾಡಿದ ಮಾತು ಅವರಿಗೆ ಕೇಳಿಸಿತ್ತೆಂಬುದು ನನಗೆ ಆಗ ಹೊಳೆಯಿತು. ಇನ್ನೇನೂ ಅವರು ಹೇಳಲಿಲ್ಲ; ಹೆಸರನ್ನು ನಾನೂ ಕೇಳಲಿಲ್ಲ. ಹತ್ತು ಗಂಟೆಗೆ ಸ್ವಲ್ಪ ಮೊದಲೇ ನಾನು ತುಮಕೂರು ಸೇರಿದೆ. ತಂದೆಯ ಮುಖ ನೋಡಿದೆ.

ಆ ದಿನ ಹನ್ನೆರಡಾಳಿನ ಕೈಯಾಸರೆ ನನಗೆ ಬೇಕಾಗಿತ್ತು. ಸಿಕ್ಕಿದ್ದು ನಾಲ್ಕು ಇಂಚು ಜಾಗ, ಅದು ಸಾಕಾಯಿತು. ಅವರಿಗೆ ನನ್ನ ಸ್ಥಿತಿ ಗೊತ್ತಾದದ್ದು ಭಾಷೆಯಿಂದ, ಆಕಸ್ಮಿಕವಾಗಿ. ಅಕ್ಕಪಕ್ಕದ ಸೀಟಿನ ಸಜ್ಜನರಿಗೂ ಗೊತ್ತಾಗಿದ್ದರೆ ಅವರೂ ಹಾಗೆಯೇ ಮಾಡುತ್ತಿದ್ದರೇನೊ. ವಿಮಾನದಲ್ಲಿ ಮದುವೆಗೆ ಹೋಗುವವರು, ಸಾವಿಗೆ ಹೋಗುವವರು, ಬಾಣಂತನಕ್ಕೆ ಹೋಗುವವರು, ಕೆಲಸ ಕಳೆದುಕೊಂಡು ಬರುವವರು ಎಲ್ಲರೂ ಒಂದೇ ಬಗೆಯ ಸೀಟಿನಲ್ಲಿ ಒಂದೇ ಕಡೆಗೆ ಮುಖ ಮಾಡಿ ಕುಳಿತಿರುತ್ತಾರೆ. ರೈಲಿನಲ್ಲಾದರೆ ಎದುರುಬದುರು ಕುಳಿತು ಮುಖ ನೋಡುತ್ತೇವೆ. ಗುಂಟಕಲ್ಲು ಬರುವುದರೊಳಗೆ ಒಬ್ಬರ ಕಥೆ ಒಬ್ಬರಿಗೆ ತಿಳಿದಿರುತ್ತದೆ. ವಿಮಾನದಲ್ಲಿ ನಮಗೆ ಕಾಣುವುದು ಮುಂದಿನವರ ತಲೆ. ನಾವು ತೊಂದರೆ ಕೊಡುವುದಾದರೆ ಅದು ನಮಗೆ ಕಾಣದ ಹಿಂದಿನವರಿಗೆ. ಜಗಳದ ಮೂಲವೆಲ್ಲ ಈ ಕೂರಿಸುವ ಕ್ರಮದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಇದನ್ನು ಹಿಂದೆ ಕುಳಿತವರೂ ತಮಗೆ ಅನ್ವಯಿಸಿಕೊಳ್ಳಬೇಕು. ಒರಗಿದವರೆಲ್ಲ ಅಹಂಕಾರಿಗಳೆಂದು ತಿಳಿಯಬಾರದು. ಅವರು ಹದಿಮೂರು ದಿನ ನಿದ್ದೆಯಿಲ್ಲದೆ ತಾಯಿಯ ಕರ್ಮಾಂತರ ಮುಗಿಸಿ ಹಿಂದಿರುಗುತ್ತಿರಬಹುದು, ನಮ್ಮ ಯಜಮಾನರಂತೆ ಸೊಂಟ ಹಿಡಿದವರಿರಬಹುದು, ಆಸ್ಪತ್ರೆಯಿಂದ ಬಿಟ್ಟವರಿರಬಹುದು. ಸೀಟನ್ನು ಗುದ್ದುವುದಕ್ಕೆ ಮೊದಲು, ಗಗನಸಖಿಯನ್ನು ಕೂಗುವುದಕ್ಕೆ ಮೊದಲು, “ಸ್ವಲ್ಪ ಮುಂದಕ್ಕೆ ಮಾಡುತ್ತೀರಾ?” ಎಂದು ಒಂದು ಮಾತು ಕೇಳಿದರೆ ನಷ್ಟವಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲವಲ್ಲ.

ನಮ್ಮ ಮನೆಯಲ್ಲಿ ಈಗ ನಾವು ಕೆಲವು ಪದ್ಧತಿಗಳನ್ನು ಮಾಡಿಕೊಂಡಿದ್ದೇವೆ. ಶಾಸ್ತ್ರವೆಂದು ಹೇಳುವುದಿಲ್ಲ; ಇಷ್ಟವಾದವರು ಇಟ್ಟುಕೊಳ್ಳಬಹುದು. ಗುಂಡಿ ಒತ್ತುವ ಮೊದಲು ಒಮ್ಮೆ ತಿರುಗಿ ನೋಡುವುದು. ಹಿಂದೆ ಉದ್ದ ಕಾಲಿನವರೋ, ಮಡಿಲಲ್ಲಿ ಕೂಸಿರುವವರೋ, ಹಲಗೆಯ ಮೇಲೆ ಬಿಸಿ ಕಾಫಿ ಇಟ್ಟುಕೊಂಡವರೋ ಇದ್ದರೆ ಆ ಹೊತ್ತಿಗೆ ಬಿಡುವುದು. ಇಲ್ಲವಾದರೆ ಒಂದು ಮಾತು ಕೇಳಿ, ಬೆನ್ನನ್ನು ಧೊಪ್ಪನೆ ಬಿಡದೆ ನಿಧಾನವಾಗಿ ಒರಗುವುದು. ಅರ್ಧ ಒರಗಿದರೆ ಸಾಕಾಗುವುದೋ ನೋಡುವುದು. ಊಟ ತಿಂಡಿಯ ಹೊತ್ತಿನಲ್ಲಿ ನೆಟ್ಟಗೆ ಮಾಡುವುದು. ಇನ್ನೊಬ್ಬರ ಊಟದ ಎಲೆಯ ಮೇಲೆ ನಾವು ಮಲಗಬಾರದಷ್ಟೆ. ಮುಂಬಯಿ-ಬೆಂಗಳೂರಿನಂಥ ಎರಡು ಗಂಟೆಯ ಹಗಲು ಪ್ರಯಾಣದಲ್ಲಿ ಮೈ ಗಟ್ಟಿಯಿರುವವರು ಗುಂಡಿಯನ್ನು ಮರೆತುಬಿಡುವುದು. ದೆಹಲಿಯಿಂದ ನ್ಯೂಯಾರ್ಕಿಗೆ ಹೋಗುವಂಥ ಸುಮಾರು ಹದಿನೈದು ಗಂಟೆಯ ಹಾದಿಯಲ್ಲಾದರೆ ರಾತ್ರಿ ದೀಪ ಆರಿದ ಮೇಲೆ ಎಲ್ಲರೂ ಒರಗುವುದೇ ನ್ಯಾಯ. ಅಲ್ಲಿ ಒಬ್ಬರು ಒರಗಿದರೆ ಹಿಂದಿನವರೂ ಒರಗಿ ಸಾಲುಸಾಲೇ ಸರಿಹೋಗುತ್ತದೆ. ಕೊನೆಯ ಸಾಲಿನವರನ್ನು ಮಾತ್ರ ಮರೆಯಬಾರದು. ಬಹಳ ವಿಮಾನಗ‍ಳಲ್ಲಿ ಆ ಸಾಲಿನ ಹಿಂದೆ ಗೋಡೆ. ಮುಂದಿನವರು ಒರಗಿದರೆ ಅವರಿಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ. ಸೊಂಟನೋವಿನವರು ಟಿಕೇಟು ಕೊಳ್ಳುವಾಗಲೇ ಆ ಸಾಲನ್ನೂ ತುರ್ತುಬಾಗಿಲಿನ ಹತ್ತಿರದ ಒರಗದ ಸೀಟುಗಳನ್ನೂ ಬಿಟ್ಟು ಬೇರೆಯದನ್ನು ಕೇಳಿಕೊಳ್ಳುವುದು ಒಳ್ಳೆಯದು. ಹಿಂದೆ ಕುಳಿತವರಿಗೂ ಎರಡು ಮಾತು: ಏಳುವಾಗ ಮುಂದಿನ ಸೀಟನ್ನು ಹಿಡಿದು ಜಗ್ಗಬಾರದು, ಮಕ್ಕಳು ಕಾಲಿನಿಂದ ಅದನ್ನು ಒದೆಯುತ್ತಿದ್ದರೆ ‘ಮಕ್ಕಳಲ್ಲವೆ’ ಎಂದು ನಕ್ಕು ಸುಮ್ಮನಾಗಬಾರದು.

ಯಾವ ಭಾಷೆಯಲ್ಲಿ ಕೇಳುವುದೆಂಬ ಸಂಕೋಚ ನಮ್ಮಂಥವರಿಗೆ ಇದ್ದೇ ಇರುತ್ತದೆ. ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು, ರಿಕ್ಷಾದಲ್ಲಿ ಹಿಂದಿ ಎಂದು ನಾಲ್ಕು ನಾಲಗೆ ಇಟ್ಟುಕೊಂಡು ಬದುಕುವವರು ನಾವು. ಬೆಂಗಳೂರಿನ ವಿಮಾನದಲ್ಲಿ ನಾನು ಈಚೆಗೆ ಮೊದಲು ಕನ್ನಡದಲ್ಲಿಯೇ ಕೇಳುತ್ತೇನೆ: “ಸ್ವಲ್ಪ ಒರಗಿಕೊಳ್ಳಲೆ?” ಅರ್ಥವಾಗದಿದ್ದರೆ ಕೈಸನ್ನೆಯುಂಟು, ಹಿಂದಿಯುಂಟು. ಆದರೆ ಎಷ್ಟೋ ಸಲ “ಅದಕ್ಕೇನಂತೆ, ಧಾರಾಳವಾಗಿ” ಎಂಬ ಉತ್ತರ ಬರುತ್ತದೆ, ಅದರ ಬೆನ್ನಿಗೇ “ಯಾವೂರಾಯ್ತು ನಿಮ್ದು?” ಎಂಬ ಪ್ರಶ್ನೆಯೂ ಬರುತ್ತದೆ. ಒಂದು ಸಲ ಹೀಗೆ ಕೇಳಲು ತಿರುಗಿದವಳು ಒರಗುವುದನ್ನೇ ಮರೆತು ದೇವನಹಳ್ಳಿಯವರೆಗೂ ತಿಪಟೂರಿನ ತೆಂಗಿನ ತೋಟದ ಮಾತನಾಡಿದೆ. ಇಳಿದ ಮೇಲೆ ಕತ್ತು ನೋಯುತ್ತಿತ್ತು. ಅದು ಸೀಟಿನ ತಪ್ಪಲ್ಲ, ತಿರುಗಿ ಮಾತನಾಡಿದ್ದರ ಫಲ.

ಯೂರೋಪಿನ ಕೆಲವು ಅಗ್ಗದ ವಿಮಾನಗಳಲ್ಲಿ ಗುಂಡಿಯನ್ನೇ ತೆಗೆದು ಸೀಟುಗಳನ್ನು ಅಲುಗದಂತೆ ಮಾಡಿದ್ದಾರೆ. ಮುಂದೆ ಎಲ್ಲ ಕಡೆಯೂ ಹಾಗೆಯೇ ಆದರೆ ಈ ವ್ಯಾಜ್ಯ ತಾನಾಗಿಯೇ ಮುಗಿಯುತ್ತದೆ. ಜಗಳ ಹೋಗುವುದು ಸಂತೋಷವೇ. ಆದರೆ ಗುಂಡಿಯಿದ್ದೂ ಒತ್ತದೆ ಕುಳಿತ ಆ ಬಿಳಿಯ ತಲೆಯ ಹಿರಿಯರ ಉಪಕಾರಕ್ಕೆ ಅಲ್ಲಿ ಅವಕಾಶವಿರುವುದಿಲ್ಲ. ಅಲ್ಲಿಯವರೆಗೆ ಗುಂಡಿ ನಮ್ಮ ಕೈಗೆಟುಕುವಲ್ಲಿಯೇ ಇರುತ್ತದೆ. ಒತ್ತುವುದೂ ಬಿಡುವುದೂ ಅವರವರ ಬೆನ್ನಿಗೆ ಸೇರಿದ್ದು; ತಿರುಗಿ ಒಮ್ಮೆ ನೋಡುವುದಕ್ಕೆ ಮಾತ್ರ ಯಾವ ಬೆನ್ನೂ ಅಡ್ಡಿ ಬರುವುದಿಲ್ಲ.